ನಾಯಿಯ ಬ್ಯಾನಿ, ಗುಡ್ಡದ ತೋಳ



ಈ ಸಲ ಬಂದ ಪತ್ರಗಳಲ್ಲಿ ಒಂದು ನನ್ನನ್ನು ಬಹಳ ವಿಚಾರಕ್ಕೆ ಹಚ್ಚಿತು. ಮುಂಡರಗಿ ತಾಲೂಕಿನಲ್ಲಿ ಕಪ್ಪತಗುಡ್ಡದ ಸೆರಗಿಗೇ ಇರುವ ಹಳ್ಳಿಯಿಂದ ತಂಗಿಯೊಬ್ಬಳು ಬರೆದಿದ್ದಾಳೆ. ಅವರ ಹೊಲದ ಮನೆಯಲ್ಲಿ ನಾಲ್ಕು ತಿಂಗಳಿನ ಎರಡು ನಾಯಿಮರಿಗಳಿದ್ದವಂತೆ. ಮೊದಲು ಕಣ್ಣಿಗೆ ಪಿಚ್ಚು, ಮೂಗಿಗೆ ಸಿಂಬಳ. ನಾಲ್ಕು ದಿನಕ್ಕೆ ಉಣ್ಣುವುದು ಬಿಟ್ಟವು, ಭೇದಿ ಹತ್ತಿತು. ಕಡೆಗೆ ಒಂದು ಮರಿ ಏನೋ ಅಗಿಯುವ ಹಾಗೆ ದವಡೆ ಕಟಕಟ ಆಡಿಸುತ್ತ, ಬಾಯಿಗೆ ನೊರೆ ತಂದು, ಬಿದ್ದು ಒದ್ದಾಡಿ ಹೋಯಿತು. ಇನ್ನೊಂದು ಉಳಿದಿದೆ, ಆದರೆ ಅದರ ಹಿಂಗಾಲು ನಿದ್ದೆಯಲ್ಲಿಯೂ ಮಿಡಿಯುತ್ತಲೇ ಇರುತ್ತದಂತೆ.

"ಪಶು ಆಸ್ಪತ್ರಿ ಡಾಕ್ಟರು ಇದು ಡಿಸ್ಟೆಂಪರ್ ಅಂದ್ರರೀ ಅಕ್ಕಾರ. ಇನ್ನ ಮರಿ ತಂದ್ರ ಸೂಜಿ ಮಾಡಸ್ರಿ ಅಂದಾರ. ಆದರ ನಮ್ಮ ಮಾವನವರು, ಈಗಿನ ಬ್ಯಾನಿ ಮೊದಲಿನಂಗ ಇಲ್ಲ, ಅದರ ಜಾತೀನ ಬದಲಾಗೇತಿ, ಹಳೇ ಸೂಜಿ ಅದಕ್ಕ ನಡಿಯಂಗಿಲ್ಲ, ಸುಮ್ಮನ ರೊಕ್ಕ ದಂಡ ಅಂತಾರ. ಖರೇ ಏನ್ರಿ?" ಎಂದು ಕೇಳಿದ್ದಾಳೆ.

ಇದಕ್ಕೆ ಉತ್ತರ ಹೇಳುವ ಮೊದಲು ಒಂದು ಮಾತು, ಅದನ್ನು ತಡಮಾಡದೆ ಹೇಳಬೇಕು. ತಂಗೀ, ಬಾಯಿಗೆ ನೊರೆ ತಂದು ಒದ್ದಾಡಿದ ನಾಯಿಯನ್ನು ನೋಡಿ ಇದು ಡಿಸ್ಟೆಂಪರೋ ಹುಚ್ಚುನಾಯಿ ರೋಗವೋ ಎಂದು ಮನೆಯಲ್ಲಿ ಕೂತು ತೀರ್ಮಾನ ಮಾಡಲಿಕ್ಕೆ ಬರುವುದಿಲ್ಲ. ಡಿಸ್ಟೆಂಪರ್ ಮನುಷ್ಯರಿಗೆ ರೋಗ ತರುವುದಿಲ್ಲ. ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಬಂದ ಮೇಲೆ ಬದುಕಿದವರು ಇಲ್ಲವೆಂದೇ ತಿಳಿಯಿರಿ. ಆದ್ದರಿಂದ ಆ ಮರಿ ಯಾರನ್ನಾದರೂ ಕಚ್ಚಿದ್ದರೆ, ಪರಚಿದ್ದರೆ, ಮಕ್ಕಳ ಗಾಯದ ಮೇಲೆ ನೆಕ್ಕಿದ್ದರೆ, ಆ ಜಾಗವನ್ನು ಸಾಬೂನು ಹಚ್ಚಿ ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಬೇಕು. ದಿನ ಕಳೆದುಹೋಗಿದ್ದರೂ ಹೋಗಬೇಕು. ಅರಿಷಿಣ, ಸುಣ್ಣ, ಖಾರದಪುಡಿ ಹಚ್ಚುವ ಚಾಳಿ ಬೇಡ. ಈ ಪುಟ ಓದಿ ಮುಗಿಸುವುದನ್ನು ಆಮೇಲೆ ಮಾಡಿದರೂ ನಡೆದೀತು.

ಇನ್ನು ಮಾವನವರ ಮಾತು. ಅದನ್ನು ಅಜ್ಜನ ಹಟವೆಂದು ತೆಗೆದುಹಾಕುವ ಹಾಗಿಲ್ಲ. ಅವರ ಮಾತಿನಲ್ಲಿ ಅರ್ಧ ಖರೆ ಇದೆ. ಬ್ಯಾನಿಯ ತಳಿ ಬೇರೆ ಬೇರೆ ಆಗಿದೆ ಎಂಬುದು ಖರೆ. ಅದರಿಂದ ಸೂಜಿ ನಡೆಯುವುದಿಲ್ಲ ಎಂಬ ಉಳಿದರ್ಧ ಖರೆಯಲ್ಲ. ನನಗಾದರೂ ಇದು ಪೂರ್ತಿ ತಿಳಿದಿರಲಿಲ್ಲ. ಎಸ್ಸೆಸ್ಸೆಲ್ಸಿ ಓದಿ ಬೆಟಗೇರಿಯ ಮನೆಗೆ ಸೊಸೆಯಾಗಿ ಬಂದವಳು ನಾನು. ನಮ್ಮಣ್ಣನ ಮಗಳು ಬೀದರಿನಲ್ಲಿ ಪಶುವೈದ್ಯಕೀಯ ಓದುತ್ತಿದ್ದಾಳೆ, ಸೂಟಿಗೆ ಬಂದಾಗ ಅವಳನ್ನು ಅಡಿಗೆಮನೆಯಲ್ಲೇ ಕೂಡಿಸಿಕೊಂಡು ಎರಡು ದಿನ ಕೇಳಿದೆ. "ಸ್ವಾದರತ್ತಿ, ನಮ್ಮ ಪರೀಕ್ಷಾದಾಗೂ ಇಷ್ಟು ಪ್ರಶ್ನೆ ಕೇಳಂಗಿಲ್ಲ" ಎಂದು ನಕ್ಕಳು. ಅವಳು ತಿಳಿಸಿದ್ದನ್ನು, ಆಮೇಲೆ ಓದಿ ನೋಡಿದ್ದನ್ನು ನಿಮಗೆ ಹೇಳುತ್ತೇನೆ.

ಈ ವೈರಸ್ಸಿಗೆ ಒಂದು ಮನೆತನವೇ ಇದೆ. ನಮ್ಮ ಮಕ್ಕಳಿಗೆ ಬರುವ ದಡಾರ, ಕುರಿ-ಆಡುಗಳಿಗೆ ಬರುವ ಹಿರೇಬ್ಯಾನಿ (ಡಾಕ್ಟರು ಪಿಪಿಆರ್ ಅನ್ನುವುದು), ಮೊದಲು ದನಗಳಿಗೆ ಬರುತ್ತಿದ್ದ ದೊಡ್ಡರೋಗ, ಈ ನಾಯಿಯ ಡಿಸ್ಟೆಂಪರ್, ಎಲ್ಲವೂ ದಾಯಾದಿಗಳು. ಲಕ್ಷಣ ನೋಡಿದರೆ ನಿಮಗೇ ಹೊಳೆಯುತ್ತದೆ. ದಡಾರ ಬಂದ ಕೂಸಿಗೂ ಮೊದಲು ಕಣ್ಣು ಕೆಂಪು, ಮೂಗು ಸೋರುವುದು, ಜ್ವರ, ಕೆಮ್ಮು. ಹಿರೇಬ್ಯಾನಿ ಬಂದ ಕುರಿಗೂ ಕಣ್ಣು-ಮೂಗು ಸೋರಿ ಭೇದಿ. ಎಷ್ಟು ಹತ್ತಿರದ ಸಂಬಂಧವೆಂದರೆ, ಒಂದು ಕಾಲಕ್ಕೆ ಸಣ್ಣ ನಾಯಿಮರಿಗಳಿಗೆ ಮನುಷ್ಯರ ದಡಾರದ ಲಸಿಕೆಯನ್ನೇ ಹಾಕಿ ಡಿಸ್ಟೆಂಪರಿನಿಂದ ಕಾಯುತ್ತಿದ್ದರಂತೆ! ಇದನ್ನು ಕೇಳಿ ನನಗೆ ಭಾಳ ಆಶ್ಚರ್ಯವಾಯಿತು. ದೊಡ್ಡರೋಗವನ್ನಂತೂ ಲಸಿಕೆ ಹಾಕಿ ಹಾಕಿ ಭೂಮಿಯ ಮೇಲಿಂದಲೇ ಅಳಿಸಿಬಿಟ್ಟರು, 2011ರಲ್ಲಿ ಜಗತ್ತಿಗೆಲ್ಲ ಸಾರಿದರು. ನಮ್ಮ ಹಿರಿಯರು ಓಣಿಗೆ ಓಣಿಯೇ ದನ ಕಳೆದುಕೊಂಡದ್ದನ್ನು ನೆನೆದು ಈಗಲೂ ಕೈಮುಗಿಯುತ್ತಾರೆ.

ಡಿಸ್ಟೆಂಪರ್ ಹೊಸದೇನೂ ಅಲ್ಲ. ಸಿಡುಬಿಗೆ ಲಸಿಕೆ ಕಂಡುಹಿಡಿದ ಎಡ್ವರ್ಡ್ ಜೆನ್ನರ್ ಸಾಹೇಬನೇ 1809ರಲ್ಲಿ ನಾಯಿಗಳ ಈ ರೋಗದ ಬಗ್ಗೆ ಬರೆದಿದ್ದಾನೆ. ಇದಕ್ಕೆ ಕಾರಣ ವೈರಸ್ ಎಂದು 1905ರಲ್ಲಿ ಫ್ರಾನ್ಸಿನ ಹೆನ್ರಿ ಕಾರ್ರೆ ತೋರಿಸಿದ.

ಹಾಗಾದರೆ ತಳಿ ಬೇರೆಯಾಗುವುದೆಂದರೆ ಏನು? ಇದನ್ನು ಅಣ್ಣನ ಮಗಳು ಅಕ್ಷರದ ಲೆಕ್ಕದಲ್ಲಿ ಹೇಳಿದಳು, ನಾನು ನನ್ನ ಅಡಿಗೆಮನೆಯ ಲೆಕ್ಕದಲ್ಲಿ ತಿಳಿದುಕೊಂಡೆ. ನಮ್ಮತ್ತೆಯವರದು ಮಾದಲಿ ಮಾಡುವ ಕ್ರಮ ಬರೆದಿಟ್ಟ ಒಂದು ವಹಿ ಇದೆ. ಅದನ್ನು ನೋಡಿ ಅವರ ತಂಗಿ ಬರೆದುಕೊಂಡರು, ಅವರದನ್ನು ನೋಡಿ ಲಕ್ಷ್ಮೇಶ್ವರಕ್ಕೆ ಕೊಟ್ಟ ಮಗಳು, ಅವಳದನ್ನು ನೋಡಿ ಶಿರಹಟ್ಟಿಯ ನೆಗೆಣ್ಣಿ. ಕೈಯಿಂದ ಬರೆಯುವಾಗ ತಪ್ಪು ನುಸುಳದೆ ಇರುತ್ತದೆಯೇ? ಲಕ್ಷ್ಮೇಶ್ವರದ ಪ್ರತಿಯಲ್ಲಿ ಜಾಜಿಕಾಯಿ ಬಿಟ್ಟುಹೋಗಿದೆ. ಅದನ್ನು ನೋಡಿ ಬರೆದುಕೊಂಡವರ ಮನೆಗಳಲ್ಲೆಲ್ಲ ಮಾದಲಿಗೆ ಜಾಜಿಕಾಯಿ ಇಲ್ಲ. ಯಾವ ಮದುವೆಯಲ್ಲಿ ಜಾಜಿಕಾಯಿಯಿಲ್ಲದ ಮಾದಲಿ ಉಂಡರೂ ನಾನು ಇದು ಲಕ್ಷ್ಮೇಶ್ವರದ ಕವಲು ಎಂದು ಕಣ್ಣು ಮುಚ್ಚಿ ಹೇಳುತ್ತೇನೆ.

ವೈರಸ್ಸಿನೊಳಗೂ ಹೀಗೆ ಒಂದು ಬರಹ ಇರುತ್ತದೆ. ಡಿಸ್ಟೆಂಪರ್ ವೈರಸ್ಸಿನದು ಆರು ಅಧ್ಯಾಯ, ಎಲ್ಲ ಸೇರಿ ಸುಮಾರು 15,690 ಅಕ್ಷರ. ಅದು ನಾಯಿಯ ಮೈಯಲ್ಲಿ ಸೇರಿ ತನ್ನನ್ನೇ ಸಾವಿರಾರು ಸಲ ನಕಲು ಮಾಡಿಕೊಳ್ಳುತ್ತದೆ. ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಹೆಚ್ಚಿನ ತಪ್ಪು ಪ್ರಯೋಜನಕ್ಕೆ ಬಾರದೆ ಅಳಿಯುತ್ತವೆ, ಕೆಲವು ಉಳಿದು ಮುಂದಿನ ಪ್ರತಿಗೆ ಹೋಗುತ್ತವೆ. ನೂರು ವರ್ಷ ಹೀಗೆ ನಡೆದರೆ ಅಮೆರಿಕದ ನಾಯಿಗಳಲ್ಲಿ ಒಂದು ಬಗೆ, ಯುರೋಪಿನಲ್ಲಿ ಒಂದು, ಏಷ್ಯಾದಲ್ಲಿ ನಾಲ್ಕಾರು ಬಗೆ ಆಗಿ ಕೂಡುತ್ತದೆ. ವಿಜ್ಞಾನಿಗಳು ಅವುಗಳನ್ನು ಅಮೆರಿಕ-1, ಏಷ್ಯಾ-1 ಎಂದು ಹೆಸರಿಟ್ಟು ಕರೆಯುತ್ತಾರೆ. ನಮ್ಮ ದೇಶದ ನಾಯಿಗಳಲ್ಲಿರುವುದು ಬೇರೆಯೇ ಒಂದು ಕವಲು ಎಂದು ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯವರು 2019ರಲ್ಲಿ ತೋರಿಸಿ ಅದಕ್ಕೆ ಇಂಡಿಯಾ-1/ಏಷ್ಯಾ-5 ಎಂಬ ಹೆಸರನ್ನು ಸೂಚಿಸಿದರು.

ಈ ಆರು ಅಧ್ಯಾಯಗಳಲ್ಲಿ ಒಂದರ ಹೆಸರು ಎಚ್. ವೈರಸ್ಸಿನ ಮೈಮೇಲೆ ಮುಳ್ಳಿನ ಹಾಗೆ ಇರುವ ಭಾಗವನ್ನು ಅದು ಮಾಡಿಸುತ್ತದೆ. ಬೀಗಕ್ಕೆ ಕೀಲಿಕೈ ಇದ್ದ ಹಾಗೆ ಆ ಮುಳ್ಳಿನಿಂದಲೇ ವೈರಸ್ ಪ್ರಾಣಿಯ ಜೀವಕೋಶದ ಬಾಗಿಲು ತೆಗೆಯುತ್ತದೆ. ಎಲ್ಲಕ್ಕಿಂತ ಹೆಚ್ಚು ಬದಲಾವಣೆ ಕಾಣುವುದೂ ಇಲ್ಲಿಯೇ, ತಳಿ ಗುರುತಿಸಲಿಕ್ಕೆ ವಿಜ್ಞಾನಿಗಳು ಹೆಚ್ಚಾಗಿ ಓದುವುದೂ ಇದನ್ನೇ. ಈ ಎಚ್ ಎಂಬುದನ್ನು ಒಂದು ಮಣಿಸರವೆಂದು ತಿಳಿಯಿರಿ, ಸುಮಾರು ಆರುನೂರು ಮಣಿಗಳಿವೆ. 549ನೆಯ ಜಾಗದಲ್ಲಿ ನಾಯಿಗಳ ವೈರಸ್ಸಿನಲ್ಲಿ ಸಾಮಾನ್ಯವಾಗಿ ಒಂದು ಮಣಿ, ಕಾಡಿನ ಬೇರೆ ಪ್ರಾಣಿಗಳಿಂದ ತೆಗೆದ ವೈರಸ್ಸಿನಲ್ಲಿ ಎಷ್ಟೋ ಸಲ ಬೇರೆ ಮಣಿ ಕಂಡಿದೆ. ಒಂದೇ ಮಣಿ ಬದಲಾದರೆ ಕೀಲಿಕೈ ಹೊಸ ಬೀಗಕ್ಕೆ ಹೊಂದುತ್ತದೆಯೇ? ಹೌದೆನ್ನುವವರಿದ್ದಾರೆ, ಅಷ್ಟು ಸರಳವಲ್ಲ ಎನ್ನುವವರೂ ಇದ್ದಾರೆ. ಅವರು ಬಗೆಹರಿಸಿಕೊಳ್ಳಲಿ. ನಮಗೆ ತಿಳಿಯಬೇಕಾದದ್ದು, ಈ ರೋಗ ನಾಯಿಗೆ ಮಾತ್ರ ನಿಂತಿಲ್ಲ ಎಂಬುದು. ತೋಳ, ನರಿ, ಕತ್ತೆಕಿರುಬ, ಚಿರತೆ, ಹುಲಿ, ಸಿಂಹ, ಎಲ್ಲಕ್ಕೂ ತಗಲುತ್ತದೆ. ರಷ್ಯಾದ ಬೈಕಾಲ್ ಸರೋವರದಲ್ಲಿ 1987-88ರಲ್ಲಿ ಸಾವಿರಾರು ಸೀಲ್ ಪ್ರಾಣಿಗಳು ಇದರಿಂದಲೇ ಸತ್ತವು, ನೀರಿನೊಳಗಿನ ಪ್ರಾಣಿ ನೋಡಿರಿ! ಮನೆಯ ಬೆಕ್ಕು ಮಾತ್ರ ಸೋಂಕು ತಗಲಿದರೂ ಸಾಮಾನ್ಯವಾಗಿ ಮಲಗುವುದಿಲ್ಲ. ಎಮ್ಮೆ, ಆಕಳು, ಆಡುಗಳಿಗೂ ಈ ನಾಯಿಬ್ಯಾನಿಯ ಭಯ ಇಲ್ಲ.

ಸಿಂಹದ ಕಥೆಯನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಗುಜರಾತಿನ ಗಿರ್ ಕಾಡು, ಅದರ ಸುತ್ತಲಿನ ಸೀಮೆ ಬಿಟ್ಟರೆ ಏಷ್ಯಾದ ಸಿಂಹ ಕಾಡಿನಲ್ಲಿ ಬೇರೆಲ್ಲಿಯೂ ಇಲ್ಲ. 2015ರ ಎಣಿಕೆಯಲ್ಲಿ ಇದ್ದದ್ದೇ 523. ಅಂಥಲ್ಲಿ 2018ರ ಸೆಪ್ಟೆಂಬರಿನಲ್ಲಿ ದಲ್‌ಖಾನಿಯಾ ವಲಯದಲ್ಲಿ ಸಿಂಹಗಳು ಒಂದರ ಹಿಂದೊಂದು ಸಾಯಲು ಹತ್ತಿದವು. ಮೂರು ವಾರದಲ್ಲಿ 23. ಮೊದಲು ತಮ್ಮತಮ್ಮಲ್ಲಿ ಕಾದಾಡಿ ಸತ್ತವು ಎಂದರು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಪರೀಕ್ಷೆ ಮಾಡಿದಾಗ ಡಿಸ್ಟೆಂಪರ್ ಸಿಕ್ಕಿತು. ಒಟ್ಟು 68 ಸಿಂಹಗಳಲ್ಲಿ, 6 ಚಿರತೆಗಳಲ್ಲಿ ವೈರಸ್ ಕಂಡಿತು. ಅಮೆರಿಕದಿಂದ ಅವಸರದಲ್ಲಿ ಲಸಿಕೆ ತರಿಸಿದರು.

ಈಗ ವಹಿಯ ಮಾತಿಗೆ ಬರೋಣ. ಈ ವೈರಸ್ ಪೂರ್ವ ಆಫ್ರಿಕಾದ ತಳಿಗೆ ಹತ್ತಿರದ್ದು ಎಂದು ಆಗ ಸುದ್ದಿ ಬಂದಿತ್ತು. ಆಫ್ರಿಕಾ ಅಂದ ಕೂಡಲೇ ಜನರಿಗೂ ಅದು ಎಲ್ಲಿಯದೋ ಪರದೇಶದ ಪೀಡೆ ಎನಿಸಿತು. ಆದರೆ 2019ರಲ್ಲಿ ಅಚ್ಚಾದ ವರದಿಯಲ್ಲಿ ಪುಣೆಯವರು ಅದರ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಇದು ನಾನು ಮೇಲೆ ಹೇಳಿದ ಇಂಡಿಯಾ-1/ಏಷ್ಯಾ-5 ಕವಲನ್ನೇ ಬಹಳವಾಗಿ ಹೋಲುತ್ತದೆ ಎಂದು ಬರೆದರು. ಅಂದರೆ ನಮ್ಮ ದೇಶದ ಓಣಿಗಳಲ್ಲಿ, ಚಹಾದಂಗಡಿಯ ಮುಂದೆ, ಹೊಲದ ಬದುವಿನ ಮೇಲೆ ತಿರುಗಾಡುವ ನಾಯಿಗಳಲ್ಲಿ ಇರುವ ಕವಲು! ಯಾವ ನಾಯಿಯಿಂದ ಯಾವ ಸಿಂಹಕ್ಕೆ ಹೋಯಿತು ಎಂದು ಬೆರಳಿಟ್ಟು ತೋರಿಸಲಿಕ್ಕೆ ಆಗುವುದಿಲ್ಲ. ಆದರೆ ಜಾಜಿಕಾಯಿ ಇಲ್ಲದ ಮಾದಲಿ ಯಾವ ಮನೆತನದ್ದೆಂದು ಗೊತ್ತಾಯಿತಲ್ಲ. ತಳಿಯನ್ನು ಓದುವುದರ ಉಪಯೋಗ ಇದೇ. ಇದು ಬರೇ ಹೆಸರಿಡುವ ಆಟ ಎಂದು ನಾನು ಮೊದಲು ತಿಳಿದಿದ್ದೆ.

ಆಫ್ರಿಕಾದಲ್ಲಿ ಆದದ್ದು ಇನ್ನೂ ದೊಡ್ಡದು. ಟಾಂಜಾನಿಯಾದ ಸೆರೆಂಗೆಟಿ ಬಯಲಿನಲ್ಲಿ 1994ರಲ್ಲಿ ಸುಮಾರು ಸಾವಿರ ಸಿಂಹಗಳು ಸತ್ತವು, ಇದ್ದವುಗಳಲ್ಲಿ ಮೂರರಲ್ಲಿ ಒಂದು ಪಾಲು. ಅಲ್ಲಿಯೂ ಸುತ್ತಲಿನ ಹಳ್ಳಿಗಳ ನಾಯಿಗಳ ಮೇಲೆಯೇ ಮೊದಲ ಸಂಶಯ. ಊರ ನಾಯಿಯಿಂದ ಕತ್ತೆಕಿರುಬಕ್ಕೆ, ಕಿರುಬದಿಂದ ಸತ್ತ ದನದ ಮುಂದೆ ಕೂಡಿದ ಸಿಂಹಕ್ಕೆ, ಹೀಗೆ ಹೋಗಿರಬೇಕು ಎಂದರು. ಇಲ್ಲಿ ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಆ ಬಯಲಿನ ಸಿಂಹಗಳಿಗೆ ಡಿಸ್ಟೆಂಪರ್ ಬೇರೆ ವರ್ಷಗಳಲ್ಲಿಯೂ ತಗಲಿತ್ತು, ಆದರೆ ಸತ್ತಿರಲಿಲ್ಲ. 1994ರಲ್ಲಿ ಏಕೆ ಸತ್ತವೆಂದು ನೋಡಿದರೆ, ಹಿಂದಿನ ವರ್ಷ ಬರಗಾಲ ಬಿದ್ದು, ಸೊರಗಿದ ಕಾಡೆಮ್ಮೆಗಳ ಮೈತುಂಬ ಉಣ್ಣಿ ಮುತ್ತಿ, ಅವುಗಳನ್ನು ತಿಂದ ಸಿಂಹಗಳಿಗೆ ಉಣ್ಣಿಯಿಂದ ಬರುವ ರಕ್ತದ ರೋಗವೂ ಕೂಡಿಕೊಂಡಿತ್ತು. ಗಿರ್‌ನಲ್ಲಿಯೂ ಸತ್ತ ಕೆಲವು ಸಿಂಹಗಳಲ್ಲಿ ಉಣ್ಣಿಯ ರೋಗ ಸಿಕ್ಕಿತ್ತು. ಹಾಗಾಗಿ ತಳಿ ಒಂದರ ಮೇಲೆಯೇ ಎಲ್ಲ ಹೊರಿಸಲಿಕ್ಕೆ ಬರುವುದಿಲ್ಲ. ಉಣ್ಣಿ ಮುತ್ತಿದ, ಹೊಟ್ಟೆಗಿಲ್ಲದ ಮೈಗೆ ಯಾವ ತಳಿಯಾದರೂ ಯಮನೇ.

ಸೆರೆಂಗೆಟಿಯ ಸುತ್ತಲಿನ ನಾಯಿಗಳಿಗೆ ಆಮೇಲೆ ವರ್ಷವರ್ಷವೂ ಲಸಿಕೆ ಹಾಕಿದರು. ನಾಯಿಗಳಲ್ಲಿ ರೋಗ ಇಳಿಯಿತು. ಸಿಂಹಗಳಲ್ಲಿ ಸೋಂಕು ಪೂರ್ತಿ ನಿಲ್ಲಲಿಲ್ಲ, ಬೇರೆ ಕಾಡುಪ್ರಾಣಿಗಳೂ ವೈರಸ್ಸನ್ನು ಇಟ್ಟುಕೊಂಡಿರಬೇಕು ಎಂದು 2015ರಲ್ಲಿ ಬರೆದಿದ್ದಾರೆ. ಒಮ್ಮೆ ಕಾಡಿಗೆ ದಾಟಿಸಿದರೆ ಮತ್ತೆ ಕರೆದುಕೊಂಡು ಬರಲಿಕ್ಕೆ ಆಗುವುದಿಲ್ಲವೆಂದಾಯಿತು.

ಗಿರ್, ಸೆರೆಂಗೆಟಿ ನಮಗೆ ದೂರ. ಸೊಲ್ಲಾಪುರ ದೂರವಲ್ಲ, ಗದಗಿನಿಂದ ರೈಲು ಹತ್ತಿದರೆ ಹೋಗಿ ಇಳಿಯುವ ಊರು. ಅದರ ಹತ್ತಿರ ನಾನ್ನಜ್ ಎಂಬ ಹುಲ್ಲುಗಾವಲಿದೆ, ನಮ್ಮ ಕಡೆಯ ಹಾಗೆಯೇ ಜೋಳದ ಹೊಲ, ಕುರಿ ಹಿಂಡು, ನಡುನಡುವೆ ನರಿ. ಅಲ್ಲಿಯ ಹಳ್ಳಿಯ ನಾಯಿಗಳ ಮತ್ತು ನರಿಗಳ ರಕ್ತ ತೆಗೆದು ನೋಡಿದವರು 2014ರಲ್ಲಿ ಅಚ್ಚು ಹಾಕಿಸಿದ್ದಾರೆ. ನೂರು ನಾಯಿಗಳಲ್ಲಿ ತೊಂಬತ್ತಕ್ಕೆ ಡಿಸ್ಟೆಂಪರ್ ಒಮ್ಮೆ ತಗಲಿಹೋದ ಗುರುತು ಇತ್ತು! ನರಿಗಳಲ್ಲಿಯೂ ಗುರುತು ಸಿಕ್ಕಿತು. ಅಂದರೆ ಮರಿಯಾಗಿದ್ದಾಗ ರೋಗ ಬಂದು, ಸಾಯುವವು ಸತ್ತು, ಉಳಿದವು ಬೆಳೆದು ದೊಡ್ಡವಾಗಿವೆ. ನಮ್ಮ ಓಣಿಯಲ್ಲಿ ಒಂದು ಹೆಣ್ಣುನಾಯಿ ಏಳು ಮರಿ ಹಾಕಿದರೆ ಎರಡು ಉಳಿಯುವುದು ಏಕೆ ಎಂದು ನೀವು ಎಂದಾದರೂ ಕೇಳಿಕೊಂಡಿದ್ದೀರಾ? ಚಳಿಗೆ ಸತ್ತವು, ಗಾಡಿಗೆ ಸಿಕ್ಕವು ಎಂದು ಬಿಡುತ್ತೇವೆ.

ನಮ್ಮ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಗದಗ, ಶಿರಹಟ್ಟಿ, ಮುಂಡರಗಿ ಮೂರೂ ತಾಲೂಕಿಗೆ ಚಾಚಿಕೊಂಡು ಸುಮಾರು 244 ಚದರ ಕಿಲೋಮೀಟರ್. ಔಷಧಿ ಗಿಡಗಳೆಂದು ನಾವೆಲ್ಲ ಹೇಳಿಕೊಳ್ಳುತ್ತೇವೆ. ಅದೇ ಗುಡ್ಡದಲ್ಲಿ ತೋಳ ಇದೆ, ಕತ್ತೆಕಿರುಬ ಇದೆ, ಚಿರತೆ, ನರಿ ಇವೆ. ಗುಡ್ಡಕ್ಕೆ ಬೇಲಿ ಇಲ್ಲ. ಸಂಜೆ ಕುರಿ ಹಟ್ಟಿ ಕಾಯುವ ನಾಯಿ ರಾತ್ರಿ ಹಳ್ಳದ ದಂಡೆಗೆ ಹೋಗಿ ಬರುತ್ತದೆ. ಸತ್ತ ಕುರಿಯನ್ನು ಊರ ಹೊರಗೆ ಒಗೆದರೆ ಹಗಲು ನಾಯಿ ತಿನ್ನುತ್ತವೆ, ರಾತ್ರಿ ಅದನ್ನೇ ಕಿರುಬ ಬಂದು ಎಳೆಯುತ್ತದೆ, ನಸುಕಿನಲ್ಲಿ ತೋಳ ಬಂದು ಮೂಸುತ್ತದೆ. ಮೂಗಿಗೆ ಮೂಗು ತಾಗುವ ಜಾಗ ಅದು. ತವರುಮನೆಗೆ ಹೋದಾಗ ಅಲ್ಲಿಯ ಕುರಿ ಕಾಯುವ ಹಿರಿಯರೊಬ್ಬರನ್ನು ಕೇಳಿದೆ. "ತ್ವಾಳ ಕುರಿ ಒಯ್ತೈತಿ, ಖರೆ ಯವ್ವಾ. ಆದರ ತ್ವಾಳ ಇಲ್ಲದ ಅಡವಿ ಏನ್ ಅಡವಿ? ಅದಕ್ಕೊಂದು ಪಾಲು ಐತಿ ಅಂತ ನಮ್ಮ ಮುತ್ಯಾ ಅಂತಿದ್ದ" ಎಂದರು. ತನ್ನ ಕುರಿ ಒಯ್ಯುವ ಪ್ರಾಣಿಯ ಬಗ್ಗೆ ಇಷ್ಟು ದೊಡ್ಡ ಮಾತು ಆಡುವವರ ನಾಯಿಗೆ ಒಂದು ಲಸಿಕೆ ಸಿಗುವ ಹಾಗೆ ಮಾಡುವುದು ಪೇಟೆಯಲ್ಲಿ ಕೂತ ನಮಗೆ ಅಸಾಧ್ಯವೇನಲ್ಲ.

ಈಗ ಸೂಜಿಯ ಮಾತು. ಮಾವನವರಿಗೆ ಹೀಗೆ ಹೇಳಿ, ತಂಗೀ. ಮಾದಲಿ ನೂರು ಮನೆಯಲ್ಲಿ ನೂರು ತರಹ ಆಗಿರಬಹುದು. ಒಮ್ಮೆ ಮಾದಲಿ ಉಂಡ ನಾಲಿಗೆ, ಜಾಜಿಕಾಯಿ ಇದ್ದರೂ ಇಲ್ಲದಿದ್ದರೂ, ಇದು ಮಾದಲಿಯೇ ಎಂದು ಗುರುತಿಸುತ್ತದೆ. ಲಸಿಕೆ ಮಾಡುವ ಕೆಲಸವೂ ಅದೇ, ಮೈಗೆ ಒಮ್ಮೆ ರುಚಿ ತೋರಿಸುವುದು. ದಡಾರವನ್ನೇ ನೋಡಿರಿ. 1954ರಲ್ಲಿ ಅಮೆರಿಕದ ಡೇವಿಡ್ ಎಡ್ಮನ್‌ಸ್ಟನ್ ಎಂಬ ಶಾಲೆಯ ಹುಡುಗನ ಮೈಯಿಂದ ತೆಗೆದ ವೈರಸ್ಸಿನಿಂದ ಲಸಿಕೆ ತಯಾರಾಯಿತು. ಇಂದಿಗೂ ಪುಣೆಯಲ್ಲಿ ತಯಾರಾಗಿ ನಮ್ಮ ಅಂಗನವಾಡಿಗೆ ಬರುವುದು ಅದೇ ಮನೆತನದ್ದು. ದಡಾರದಲ್ಲಿ 24 ಬಗೆಯ ತಳಿಗಳನ್ನು ಎಣಿಸಿದ್ದಾರೆ, ಆ ಒಂದೇ ಲಸಿಕೆ ಎಲ್ಲವನ್ನೂ ತಡೆಯುತ್ತದೆ. ದನಗಳ ದೊಡ್ಡರೋಗದಲ್ಲಿಯೂ ತಳಿಗಳಿದ್ದವು, ಆದರೂ ಲಸಿಕೆಯಿಂದಲೇ ಹೋಯಿತು. ಡಿಸ್ಟೆಂಪರಿನ ಲಸಿಕೆಯೂ ಬಹಳ ಹಿಂದೆ ತೆಗೆದ ತಳಿಗಳದು, ಇಂದು ಓಣಿಯಲ್ಲಿ ತಿರುಗುವ ತಳಿ ಅದಲ್ಲ. ಆದರೂ ಸರಿಯಾಗಿ ಹಾಕಿಸಿದ ನಾಯಿಯನ್ನು ಅದು ಕಾಯುತ್ತದೆ.

ಅಲ್ಲೊಂದು ಇಲ್ಲೊಂದು ಲಸಿಕೆ ಹಾಕಿಸಿದ ನಾಯಿಗೂ ರೋಗ ಬಂದ ವರದಿಗಳಿವೆ. ಹೊಸ ತಳಿಗೆ ತಕ್ಕ ಹೊಸ ಲಸಿಕೆ ಬೇಕಾದೀತೇ ಎಂದು ವಿಜ್ಞಾನಿಗಳು ಚರ್ಚಿಸುತ್ತಲೇ ಇದ್ದಾರೆ, ಅದಕ್ಕಾಗಿಯೇ ಬೇರೆ ಬೇರೆ ಊರಿನ ತಳಿಗಳನ್ನು ಓದಿಡುವುದು. ಆದರೆ "ಸೂಜಿ ನಡೀಲಿಲ್ಲ" ಎಂಬ ನಮ್ಮ ಕಡೆಯ ಹತ್ತು ದೂರುಗಳನ್ನು ಬಿಚ್ಚಿ ನೋಡಿದರೆ ಒಳಗೆ ಬೇರೆಯೇ ಕಾರಣ ಇರುತ್ತದೆ ಎಂದು ಅಣ್ಣನ ಮಗಳ ಅಭಿಪ್ರಾಯ.

ಮೊದಲನೆಯದು, ಒಂದೇ ಸೂಜಿ ಹಾಕಿಸಿ ಬಿಡುವುದು. ತಾಯಿಯ ಗಿಣ್ಣದ ಹಾಲು ಕುಡಿದ ಮರಿಗೆ ತಾಯಿಯಿಂದಲೇ ಸ್ವಲ್ಪ ರಕ್ಷಣೆ ಬಂದಿರುತ್ತದೆ. ಅದು ಮೈಯಲ್ಲಿರುವಾಗ ಲಸಿಕೆ ಹಾಕಿದರೆ ಆ ರಕ್ಷಣೆಯೇ ಲಸಿಕೆಯನ್ನು ಕೊಂದುಬಿಡುತ್ತದೆ. ಯಾವ ಮರಿಯಲ್ಲಿ ಅದು ಎಂದು ಇಳಿಯುತ್ತದೆಂದು ಹೇಳಲಿಕ್ಕೆ ಬಾರದು, ಆರು ವಾರಕ್ಕೂ ಇಳಿಯಬಹುದು, ಹದಿನಾಲ್ಕು ವಾರಕ್ಕೂ ಇಳಿಯಬಹುದು. ಅದಕ್ಕೆಂದೇ ಆರರಿಂದ ಎಂಟು ವಾರದೊಳಗೆ ಸುರುಮಾಡಿ, ಮೂರು-ನಾಲ್ಕು ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವವರೆಗೆ ಹಾಕಿಸಬೇಕು. ವರ್ಷ ತುಂಬಿದಾಗ ಮತ್ತೊಂದು. ಮುಂದೆ ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ಡಾಕ್ಟರು ಹೇಳುತ್ತಾರೆ. ಎರಡನೆಯದು, ಲಸಿಕೆ ತಂಪಿನಲ್ಲಿಯೇ ಇರಬೇಕಾದದ್ದು. ಅಂಗಡಿಯಲ್ಲಿ ಕೊಂಡು, ನಮ್ಮ ಎಪ್ರಿಲ್ ಬಿಸಿಲಿನಲ್ಲಿ ಚೀಲದೊಳಗೆ ಇಟ್ಟುಕೊಂಡು ಬಸ್ಸಿನಲ್ಲಿ ಲಕ್ಷ್ಮೇಶ್ವರದಿಂದ ಹಳ್ಳಿಗೆ ಒಯ್ದರೆ ಚುಚ್ಚಿಸಿದ್ದು ಬರೇ ನೀರು. ಬರ್ಫ ಹಾಕಿದ ಥರ್ಮಾಸಿನಲ್ಲಿ ಒಯ್ಯಬೇಕು, ಇಲ್ಲವೇ ಮರಿಯನ್ನೇ ಆಸ್ಪತ್ರೆಗೆ ಒಯ್ಯಬೇಕು. ಇನ್ನೊಂದು ಎಲ್ಲಕ್ಕಿಂತ ಹೆಚ್ಚು ಕಾಣುವುದು, ರೇಬೀಸ್ ಸೂಜಿ ಮಾಡಿಸಿ ನಾಯಿಗೆ ಎಲ್ಲ ಸೂಜಿ ಆಯಿತೆಂದು ತಿಳಿಯುವುದು. ರೇಬೀಸಿನ ಲಸಿಕೆ ಡಿಸ್ಟೆಂಪರ್ ತಡೆಯುವುದಿಲ್ಲ, ಇದು ಅದನ್ನು ತಡೆಯುವುದಿಲ್ಲ. ಎರಡೂ ಬೇಕು. "ಇದರಾಗ ಡಿಸ್ಟೆಂಪರ್ ಐತೇನ್ರಿ ಡಾಕ್ಟರ?" ಎಂದು ಬಾಯಿಬಿಟ್ಟು ಕೇಳಿ, ಕಾರ್ಡಿನಲ್ಲಿ ಬರೆಸಿಕೊಳ್ಳಿ. ನಾಚಿಕೆ ಬೇಡ.

ಮೈಯಲ್ಲಿ ರೋಗ ಆಗಲೇ ಸೇರಿಕೊಂಡ ಮರಿಗೆ ಹಾಕಿದ ಸೂಜಿಯೂ ನಡೆಯುವುದಿಲ್ಲ. ಸೋಂಕು ತಗಲಿ ಕಣ್ಣು-ಮೂಗು ಸೋರಲಿಕ್ಕೆ ಒಂದೆರಡು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಸೂಜಿ ಬಿದ್ದು, ಆಮೇಲೆ ಮರಿ ಸತ್ತರೆ, ಜನ ಸೂಜಿಯಿಂದಲೇ ಸತ್ತಿತು ಅನ್ನುತ್ತಾರೆ.

ರೋಗ ಬಂದ ಮೇಲೆ ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ಡಾಕ್ಟರು ಕೊಡುವುದು ಶಕ್ತಿ ಉಳಿಯಲಿಕ್ಕೆ, ಬೇರೆ ಸೋಂಕು ಕೂಡದಿರಲಿಕ್ಕೆ, ಸೆಳವು ತಗ್ಗಲಿಕ್ಕೆ. ಮನೆಯಲ್ಲಿ ನೀವು ಮಾಡುವಂಥದ್ದು, ಬೇರೆ ನಾಯಿಗಳಿಂದ ದೂರ ಕಟ್ಟುವುದು, ಕಣ್ಣು-ಮೂಗನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಅರಿವೆಯಿಂದ ಒರೆಸುವುದು, ಅನ್ನದ ಗಂಜಿಯನ್ನು ಸ್ವಲ್ಪಸ್ವಲ್ಪವಾಗಿ ಕೊಡುವುದು. ಒದ್ದಾಡುವಾಗ ಬಾಯಲ್ಲಿ ಕೈಯಾಗಲಿ ಚಮಚವಾಗಲಿ ಇಡಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ, ಕಾರಣ ಮೊದಲೇ ಹೇಳಿದ್ದೇನೆ. ನಮ್ಮ ತಂಗಿಯ ಮನೆಯ ಉಳಿದ ಮರಿಯ ಕಾಲು ಮಿಡಿಯುವುದು ಪೂರ್ತಿ ಹೋಗಲಿಕ್ಕಿಲ್ಲ, ಆದರೆ ಹಾಗೆ ಮಿಡಿಯುತ್ತಲೇ ಹಟ್ಟಿ ಕಾಯ್ದುಕೊಂಡು ವರ್ಷಗಟ್ಟಲೆ ಬಾಳಿದ ನಾಯಿಗಳಿವೆ. ಅದು ಕೆಲವು ತಿಂಗಳವರೆಗೂ ವೈರಸ್ಸನ್ನು ಹೊರಗೆ ಹಾಕುತ್ತಿರಬಹುದು. ಹೊಸ ಮರಿ ತರುವುದಾದರೆ ಅದರ ಸೂಜಿಗಳೆಲ್ಲ ಮುಗಿಯುವವರೆಗೆ ಇದರ ಜೊತೆ ಬಿಡಬೇಡಿ.

ಸ್ವಚ್ಛ ಮಾಡುವ ವಿಷಯದಲ್ಲಿ ಒಂದು ಸಮಾಧಾನವಿದೆ. ಡಿಸ್ಟೆಂಪರ್ ವೈರಸ್ ಹೊರಗೆ ಬಹಳ ಸುಕುಮಾರ. ಸಾಬೂನಿನ ನೀರು, ನಮ್ಮ ಬಿಸಿಲು, ಇಷ್ಟಕ್ಕೇ ಸಾಯುತ್ತದೆ. ಚೀಲ, ತಾಟು ತೊಳೆದು ಮಾಳಿಗೆಯ ಮೇಲೆ ಒಣಗಹಾಕಿದರೆ ಸಾಕು. ಆದರೆ ರಕ್ತದ ಭೇದಿ, ವಾಂತಿ ಇದ್ದು ಮರಿ ಸತ್ತಿದ್ದರೆ ಅದು ಪಾರ್ವೊ ಎಂಬ ಬೇರೆ ರೋಗವಿರಬಹುದು, ಅದು ನೆಲದಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ, ಸಾಬೂನಿಗೆ ಜಗ್ಗುವುದಿಲ್ಲ, ಬ್ಲೀಚಿಂಗ್ ಪುಡಿಯ ನೀರು ಬೇಕು. ಆ ಪಾರ್ವೊ ಹುಟ್ಟಿದ್ದೂ ಅಕ್ಷರ ತಪ್ಪಿಯೇ! ಬೆಕ್ಕಿನ ಜಾತಿಗೆ ಬರುವ ಒಂದು ವೈರಸ್ಸಿನ ಹತ್ತಿರದ ಸಂಬಂಧಿ ಅದು. ಕೆಲವೇ ಅಕ್ಷರ ಬದಲಾಗಿ 1978ರ ಸುಮಾರಿಗೆ ನಾಯಿಗೆ ದಾಟಿ, ಒಂದೆರಡು ವರ್ಷದಲ್ಲಿ ಜಗತ್ತನ್ನೆಲ್ಲ ಸುತ್ತಿತು. ಆ ಬೆಕ್ಕಿನ ವೈರಸ್ಸಿನಿಂದಲೇ 2023ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬನ್ನೇರುಘಟ್ಟದಲ್ಲಿ ಏಳು ಚಿರತೆ ಮರಿಗಳು ಸತ್ತವು. ನಮ್ಮ ಗದಗಿನ ಹತ್ತಿರ ಬಿಂಕದಕಟ್ಟಿಯ ಮೃಗಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಮನೆಯಲ್ಲಿ ಕಾಯಿಲೆಯ ನಾಯಿ-ಬೆಕ್ಕು ಇದ್ದರೆ ಅವುಗಳನ್ನು ಮುಟ್ಟಿದ ಬಟ್ಟೆ, ಚಪ್ಪಲಿಯಲ್ಲಿ ಹೋಗದಿದ್ದರೆ ಒಳ್ಳೆಯದು.

ಸತ್ತ ಮರಿಯನ್ನು ಹಳ್ಳಕ್ಕೆ, ಗುಡ್ಡದ ಬುಡಕ್ಕೆ ಒಗೆಯಬೇಡಿರಿ. ಮೂರು-ನಾಲ್ಕು ಅಡಿ ತಗ್ಗು ತೋಡಿ, ಸುಣ್ಣ ಚೆಲ್ಲಿ, ಮಣ್ಣು ಮುಚ್ಚಿ ಮೇಲೆ ಕಲ್ಲು ಇಡಿಸಿರಿ. ಸತ್ತ ಕುರಿಗೂ ಹೀಗೆಯೇ. ಗಂಡಸರು "ಯಾರ್ ತೋಡ್ತಾರ" ಎಂದು ಬೇಸರ ಮಾಡಿದರೆ, ಒಂದು ತಗ್ಗಿಗೆ ಎರಡು ತಾಸಿನ ಕೆಲಸ ಎಂದು ನೀವೇ ಗುದ್ದಲಿ ಹಿಡಿಯಿರಿ, ಆಗ ತಾವಾಗಿಯೇ ಏಳುತ್ತಾರೆ.

ಸೆಪ್ಟೆಂಬರ್ 28 ರೇಬೀಸ್ ದಿನ. ಆ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ರೇಬೀಸ್ ಸೂಜಿಯ ಶಿಬಿರ ನಡೆಸುವುದುಂಟು. ನಿಮ್ಮ ಮಹಿಳಾ ಸಂಘದಿಂದ ನಾಲ್ಕು ಜನ ಕೂಡಿ ಹೋಗಿ, ಗುಡ್ಡದ ಸೆರಗಿನ ಹಳ್ಳಿಗಳ ನಾಯಿಗಳಿಗೆ ಅದೇ ದಿನ ಡಿಸ್ಟೆಂಪರ್ ಲಸಿಕೆಯನ್ನೂ ಹಾಕಲಿಕ್ಕೆ ಆದೀತೇ ಎಂದು ಒಂದು ತಿಂಗಳು ಮೊದಲೇ ಕೇಳಿ ನೋಡಿ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ, ಅಲ್ಲಿಯೂ ಒಂದು ಅರ್ಜಿ ಕೊಡಿ. ನಮ್ಮ ಓಣಿಯ ಸಂಘದವರು ಈ ಸಲ ಹಣ ಕೂಡಿಸಿ ಕುರಿಯವರ ಹತ್ತು ನಾಯಿಗಳಿಗಾದರೂ ಮಾಡಿಸೋಣ ಎಂದು ಮಾತಾಡಿಕೊಂಡಿದ್ದೇವೆ. ಕುರಿಯವರು ಮಳೆಗಾಲ ಹಿಂದಾಗುತ್ತಲೇ ಹಿಂಡು ಹೊಡೆದುಕೊಂಡು ದೂರ ಹೋಗುವವರು, ಎರಡನೆಯ ಸೂಜಿಗೆ ಅವರನ್ನು ಎಲ್ಲಿ ಹಿಡಿಯುವುದು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ. ನಿಮ್ಮಲ್ಲಿ ಯಾರಾದರೂ ಇಂಥ ಕೆಲಸ ಮಾಡಿದ್ದರೆ ಹೇಗೆ ಮಾಡಿದಿರೆಂದು ನನಗೆ ಬರೆಯಿರಿ, ಈ ಪುಟದಲ್ಲಿಯೇ ಹಾಕುತ್ತೇನೆ.

ಮಾದಲಿಯ ಕ್ರಮ ಕೇಳಿ ಹೇಗೂ ಪತ್ರಗಳು ಬರುತ್ತವೆ ಎಂದು ಗೊತ್ತು. ಮುಂದಿನ ಸಂಚಿಕೆಯಲ್ಲಿ ಅತ್ತೆಯವರ ವಹಿಯಿಂದಲೇ ಕೊಡುತ್ತೇನೆ, ಜಾಜಿಕಾಯಿ ಸಹಿತ.